ಹಿಮ್ಮಡಿಗೂ ಅರ್ಧ ಗಂಟೆ

ಎಲ್ಲರಿಗೂ ನಮಸ್ಕಾರ.

ಹಾಸನಾಂಬೆ ದರ್ಶನದ ಸಾಲಿನಲ್ಲಿ ನೀವೂ ನಿಂತಿರುತ್ತೀರಿ. ವರ್ಷಕ್ಕೊಂದು ಸಲ, ದೀಪಾವಳಿ ಹೊತ್ತಿಗೆ ಬಾಗಿಲು ತೆಗೆಯುವ ದೇವಸ್ಥಾನ, ಸಾಲಿನ ಉದ್ದ ಕೇಳಬೇಕಾ? ಚಪ್ಪಲಿ ಎಲ್ಲೋ ಬಿಟ್ಟು ಗಂಟೆಗಟ್ಟಲೆ ಬರಿಗಾಲಲ್ಲಿ ನಿಂತಾಗ ಮುಂದಿನವರ ಕಾಲು ನೋಡುವುದು ಬಿಟ್ಟರೆ ಬೇರೆ ಕೆಲಸ ಇರುವುದಿಲ್ಲ. ಒಂದು ವರ್ಷ ನನ್ನ ಮುಂದಿದ್ದವರು ಒಳ್ಳೆ ರೇಷ್ಮೆ ಸೀರೆ ಉಟ್ಟಿದ್ದರು. ಹಿಮ್ಮಡಿಯ ಒಡಕಿಗೆ ಸೀರೆ ಫಾಲ್‌ನ ದಾರ ಸಿಕ್ಕಿಕೊಂಡು, ಹೆಜ್ಜೆ ಇಟ್ಟಾಗಲೆಲ್ಲ ಜಗ್ಗುತ್ತಿತ್ತು. ನಗು ಬಂತು. ಆಮೇಲೆ ನನ್ನ ಕಾಲು ನೋಡಿಕೊಂಡೆ. ನಗು ನಿಂತುಹೋಯಿತು.

ಅಂಗಾಲಿನಲ್ಲಿ ಬೆವರು ಬರುತ್ತದೆ, ಆದರೆ ಮುಖದಲ್ಲಿರುವ ಹಾಗೆ ಜಿಡ್ಡು ಬಿಡುವ ಗ್ರಂಥಿ ಅಲ್ಲಿ ಒಂದೂ ಇಲ್ಲ. ಹಾಗಾಗಿ ಎಣ್ಣೆ ಪಸೆ ಹೊರಗಿನಿಂದಲೇ ಬರಬೇಕು. ಜನವರಿ ಫೆಬ್ರವರಿಯ ಒಣಗಾಳಿ, ಹಿಂದೆ ಪಟ್ಟಿ ಇಲ್ಲದ ಚಪ್ಪಲಿ, ಅಡುಗೆಮನೆಯಲ್ಲಿ ದಿನವಿಡೀ ನಿಂತ ಕೆಲಸ. ಮೈಭಾರಕ್ಕೆ ಹಿಮ್ಮಡಿ ಅಗಲವಾಗುತ್ತದೆ, ಒಣಗಿ ದಪ್ಪಗಾದ ಚರ್ಮ ಹಿಗ್ಗಲಾರದೆ ಬಿರಿಯುತ್ತದೆ. ಇಷ್ಟೇ ವಿಷಯ.

ಹಾಗಾದರೆ ಪಾರ್ಲರಿಗೆ ಹೋಗಿ ಪೆಡಿಕ್ಯೂರ್ ಮಾಡಿಸಿಕೊಂಡರೆ ಆಯ್ತಲ್ವಾ ಅಂತೀರಿ. ನಾನೂ ಒಂದ್ಸಲ ಹೋಗಿದ್ದೆ, ತಂಗಿ ಮಗಳ ಮದುವೆಗೆ ಮುಂಚೆ. ಹೆಬ್ಬೆರಳಿನ ಉಗುರಿನ ಮೂಲೆಯನ್ನು ಒಳಗೊಳಗೇ ಕೆತ್ತಿ ಗುಂಡಗೆ ಮಾಡಿಕೊಟ್ಟರು. ನೋಡೋಕೆ ಚೆನ್ನಾಗಿಯೇ ಇತ್ತು. ಆಮೇಲೆ ಆ ಮೂಲೆ ಬೆಳೆಯುತ್ತಾ ಬೆಳೆಯುತ್ತಾ ಮಾಂಸದೊಳಗೆ ಚುಚ್ಚಿಕೊಂಡು, ಬೆರಳು ಊದಿ ಕೀವು ತುಂಬಿ, ನಾನು ಒಂದು ವಾರ ಗಂಡನ ಹವಾಯಿ ಚಪ್ಪಲಿಯಲ್ಲಿ ಓಡಾಡಿದೆ. ಕಾಲುಗುರು ತಿಂಗಳಿಗೆ ಬೆಳೆಯುವುದೇ ಸುಮಾರು ಒಂದೂವರೆ ಮಿಲಿಮೀಟರ್. ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಬೇಕಾದರೆ ಒಂದು, ಒಂದೂವರೆ ವರ್ಷ ಬೇಕು. ಅಂದಿನಿಂದ ನನ್ನ ಕಾಲಿಗೆ ನಾನೇ ಪಾರ್ಲರು. ಭಾನುವಾರ ರಾತ್ರಿ, ಪಾತ್ರೆ ತೊಳೆದಾದ ಮೇಲೆ.

ನೀರು ಎಷ್ಟು ಬಿಸಿ ಇರಬೇಕು ಅಂತ ನಮ್ಮ ಮಾತಿನಲ್ಲೇ ಇದೆ ನೋಡಿ, ಉಗುರುಬೆಚ್ಚಗೆ. ಹಂಡೆಯ ಕುದಿನೀರು ಬೇಡ. ಒಂದು ಪ್ಲಾಸ್ಟಿಕ್ ಟಬ್ಬು, ಸ್ವಲ್ಪ ಸೋಪಿನ ನೀರು, 10 ರಿಂದ 15 ನಿಮಿಷ. ಧಾರಾವಾಹಿ ಮುಗಿಯುವ ತನಕ ನೆನೆಸಿ ಕೂತರೆ ಚರ್ಮ ಸುಕ್ಕುಗಟ್ಟಿ, ಆಮೇಲೆ ಮೊದಲಿಗಿಂತ ಜಾಸ್ತಿ ಒಣಗುತ್ತದೆ. ಒಡಕು ಬಾಯಿ ಬಿಟ್ಟಿದ್ದರೆ ನಿಂಬೆಹಣ್ಣು ಉಜ್ಜಬೇಡಿ, ನಕ್ಷತ್ರ ಕಾಣಿಸುತ್ತದೆ.

ನೆನೆದ ಉಗುರು ಮೆತ್ತಗಿರುತ್ತದೆ, ಆಗ ಕತ್ತರಿಸುವುದು ಸುಲಭ. ನೇರವಾಗಿ ಕತ್ತರಿಸಿ, ಮೂಲೆ ಕೆತ್ತಬೇಡಿ, ಚುಚ್ಚುವಂತಿದ್ದರೆ ಅರದಿಂದ ಸ್ವಲ್ಪ ಸವರಿ ಸಾಕು. ಆಮೇಲೆ ಕಾಲುಜ್ಜುವ ಕಲ್ಲು. ಕಾಲೂ ಒದ್ದೆ ಇರಬೇಕು, ಕಲ್ಲೂ ಒದ್ದೆ ಇರಬೇಕು. ಮೆಲ್ಲಗೆ ಉಜ್ಜುತ್ತಾ ಹೋದರೆ ಬೂದು ಬಣ್ಣದ ಸಣ್ಣ ಸಣ್ಣ ಎಳೆಗಳು ಸುರುಳಿಯಾಗಿ ಬೆರಳಿಗೆ ಅಂಟುತ್ತವೆ. ಅದನ್ನು ನೋಡಿ ಹುಮ್ಮಸ್ಸು ಬಂದುಬಿಡುತ್ತದೆ, ಇನ್ನೂ ಉಜ್ಜೋಣ ಅನಿಸುತ್ತದೆ. ಅಲ್ಲಿಗೇ ನಿಲ್ಲಿಸಿ. ಉಳಿದದ್ದು ಮುಂದಿನ ವಾರ. ಹಿಮ್ಮಡಿಯನ್ನು ಬ್ಲೇಡಿನಲ್ಲಿ ಹೆರೆಯುವವರೂ ಇದ್ದಾರೆ, ದಯವಿಟ್ಟು ಬೇಡ.

ಬೆಳಗಿನ ಫಿಲ್ಟರಿನ ಕಾಫಿ ಚರಟ ಇದೆಯಲ್ಲ, ಅದಕ್ಕೆ ಎರಡು ಚಮಚ ಕೊಬ್ಬರಿ ಎಣ್ಣೆ ಕಲಸಿ ಪಾದದ ಮೇಲ್ಭಾಗಕ್ಕೆ ತಿಕ್ಕಿದರೆ ಚಪ್ಪಲಿ ಪಟ್ಟಿಯ ಕೊಳೆ ಹೋಗುತ್ತದೆ. ಹಿಮ್ಮಡಿಯ ದಪ್ಪ ಚರ್ಮಕ್ಕೆ ಅದು ಏನೂ ಮಾಡುವುದಿಲ್ಲ, ಸುಮ್ನೆ ಬಚ್ಚಲು ಗಲೀಜು.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರುತ್ತೇನೆ. ಕಾಲು ತೊಳೆದು, ಒರೆಸಿ, ಫೋನು ನೋಡಿ, ನೆನಪಾದಾಗ ಎಣ್ಣೆ ಹಚ್ಚುತ್ತೇವೆ. ಅಷ್ಟರಲ್ಲಿ ಚರ್ಮದ ನೀರೆಲ್ಲ ಆರಿಹೋಗಿರುತ್ತದೆ. ಬೆರಳ ಸಂದಿಯನ್ನು ಹಳೇ ಕಾಟನ್ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಆದರೆ ಹಿಮ್ಮಡಿಯಲ್ಲಿ ಇನ್ನೂ ತೇವ ಇರುವಾಗಲೇ ಜಿಡ್ಡು ಹಚ್ಚಬೇಕು. ಹರಳೆಣ್ಣೆ ಆಗಬಹುದು, ಕೊಬ್ಬರಿ ಎಣ್ಣೆ ಆಗಬಹುದು, ವ್ಯಾಸಲೀನ್ ಆಗಬಹುದು. ಚಿಕ್ಕಮಗಳೂರು ಕಡೆಯ ನಮ್ಮತ್ತೆ ಮುರುಗಲ ತುಪ್ಪ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಮುರುಗಲ, ಅಂದರೆ ಪುನರ್ಪುಳಿ ಹಣ್ಣಿನ ಬೀಜದಿಂದ ತೆಗೆದ ಗಟ್ಟಿ ತುಪ್ಪ ಅದು. ಒಂದು ಚೂರನ್ನು ಚಮಚದಲ್ಲಿಟ್ಟು ದೀಪಕ್ಕೆ ಹಿಡಿದು ಕರಗಿಸಿ, ತಮ್ಮ ಬೆರಳಿಗೆ ಮುಟ್ಟಿಸಿ ಬಿಸಿ ನೋಡಿಕೊಂಡು, ಒಡಕಿನೊಳಗೆ ಇಳಿಯುವ ಹಾಗೆ ತೀಡುತ್ತಿದ್ದರು. "ಬೇಗ ಬಾರೇ, ಗಟ್ಟಿಯಾಗುತ್ತೆ" ಅಂತ ನನ್ನನ್ನೂ ಕೂಗುತ್ತಿದ್ದರು.

ತೋಟದ ಕೆಲಸದವರ ಕಷ್ಟ ಬೇರೆ. ಜೂನ್ ಬಂತೆಂದರೆ ಹೊರಗೆ ಮಳೆ, ಗಂಬೂಟಿನೊಳಗೆ ಬೆವರು. ಅವರ ಕಾಲಿಗೆ ಎಣ್ಣೆಗಿಂತ ಮೊದಲು ಬೇಕಾದದ್ದು ಒಣ ಬಟ್ಟೆ. ಬೆರಳ ಸಂದಿ ಬೆಳ್ಳಗೆ ನೆನೆದು, ನವೆ ಶುರುವಾದರೆ ಅದು ಸಾಮಾನ್ಯವಾಗಿ ಫಂಗಸ್. ಅಲ್ಲಿಗೆ ಎಣ್ಣೆ ಬೇಡ, ಡಾಕ್ಟರು ಕೊಟ್ಟ ಮುಲಾಮು ಬೇಕು.

ಸಕ್ಕರೆ ಕಾಯಿಲೆ ಇರುವವರು ದಯವಿಟ್ಟು ಇಲ್ಲಿ ಗಮನ ಕೊಡಿ. ನಾನು ಹೇಳಿದ ನೆನೆಸುವುದು, ಉಜ್ಜುವುದು ಎರಡೂ ನಿಮಗಲ್ಲ. ಕಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ನೀರು ಸುಟ್ಟರೂ ಗೊತ್ತಾಗುವುದಿಲ್ಲ, ಗಾಯವಾದರೂ ಗೊತ್ತಾಗುವುದಿಲ್ಲ. ತೊಳೆಯುವ ನೀರನ್ನು ಮೊಣಕೈಯಿಂದ ಮುಟ್ಟಿ ನೋಡಿ. ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ, ಬಗ್ಗಲು ಆಗದಿದ್ದರೆ ಮೊಮ್ಮಕ್ಕಳನ್ನು ಕರೆಯಿರಿ. ಆಣಿ, ಒಡಕು, ಗಾಯ ಏನೇ ಕಂಡರೂ ಡಾಕ್ಟರಿಗೆ ತೋರಿಸಿ.

ಉಳಿದವರು ಜಿಡ್ಡು ಹಚ್ಚಿ, ಹಳೇ ಕಾಟನ್ ಸಾಕ್ಸ್ ಹಾಕಿಕೊಂಡು ಮಲಗಿ. ಮಲಗುವ ಮುಂಚೆ ಗ್ಯಾಸ್ ಆಫ್ ಮಾಡಿದ್ದೀರಾ, ಹಿತ್ತಲ ಬಾಗಿಲು ಹಾಕಿದ್ದೀರಾ, ಎಲ್ಲ ಮೊದಲೇ ನೋಡಿಕೊಂಡು ಒಂದು ಲೋಟ ನೀರನ್ನೂ ಹಾಸಿಗೆ ಪಕ್ಕ ಇಟ್ಟುಕೊಳ್ಳಿ. ಎಣ್ಣೆ ಕಾಲಲ್ಲಿ ಮತ್ತೆ ಎದ್ದು ಹೋದರೆ ಕೆಂಪು ಸಾರಣೆ ನೆಲ ಜಾರುತ್ತದೆ, ನಾನು ಒಂದ್ಸಲ ಬಿದ್ದಿದ್ದೇನೆ.

ನಮಸ್ಕಾರ.