ಸುಪ್ತ ಟಿಬಿ ಮತ್ತು ಕೊರೊನಾ ವಾರ್ಡು: ಒಂದು ರಕ್ತಪರೀಕ್ಷೆಯ ಸುತ್ತ

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವ ಹಿರಿಯರೇ, ನರ್ಸಿಂಗ್ ಓದುತ್ತಿರುವ ಮಕ್ಕಳೇ, ಬೆಳಗ್ಗೆಯೇ ಬಂದು ಮುಂದಿನ ಸಾಲು ಹಿಡಿದಿರುವ ಆಶಾ ಕಾರ್ಯಕರ್ತೆಯರೇ. ಇವತ್ತು ಮಾರ್ಚ್ 24. 1882ರಲ್ಲಿ ಇದೇ ದಿನ ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಟಿಬಿ ರೋಗಾಣುವನ್ನು ಜಗತ್ತಿಗೆ ತೋರಿಸಿದ್ದು. ಆ ಕಥೆಯನ್ನು ಪ್ರತಿ ವರ್ಷ ಕೇಳಿದ್ದೀರಿ. ಅದೂ ಅಲ್ಲದೆ ಇದು ಮೈಸೂರು. ಟಿಬಿಯಿಂದ ತೀರಿಕೊಂಡ ಅರಸು ಮನೆತನದ ಹೆಣ್ಣುಮಗಳ ಹೆಸರಿನಲ್ಲಿ ಕೆ.ಆರ್.ಎಸ್. ರಸ್ತೆಯಲ್ಲಿ ಸ್ಯಾನಟೋರಿಯಂ ಕಟ್ಟಿದ ಊರಿಗೆ ನಾನು ಹೊಸದಾಗಿ ಟಿಬಿ ಪರಿಚಯ ಮಾಡಿಸಬೇಕಾಗಿಲ್ಲ.

ನನ್ನನ್ನು ಕಾಡುತ್ತಿರುವುದು ಬೇರೆ ವಿಷಯ. ಕೊರೊನಾ ಕಾಲದಿಂದ ಜನ ಎರಡು ಮಾತು ಕೇಳುತ್ತಲೇ ಇದ್ದಾರೆ. ಒಬ್ಬರು, "ಡಾಕ್ಟ್ರೇ, ನನ್ನೊಳಗೆ ಸುಪ್ತ ಟಿಬಿ ಇದೆಯಂತೆ. ಕೊರೊನಾ ಬಂದ್ರೆ ಜಾಸ್ತಿ ಆಗುತ್ತಾ?" ಇನ್ನೊಬ್ಬರು, "ಟಿಬಿ ಕ್ರಿಮಿ ಇರೋರಿಗೆ ಕೊರೊನಾ ಅಷ್ಟಾಗಿ ತಟ್ಟಲ್ವಂತೆ, ಹೌದಾ?" ಎರಡಕ್ಕೂ ಆಧಾರ ಅಂತ ತೋರಿಸಲು ಸಂಶೋಧನಾ ಲೇಖನಗಳಿವೆ. ಆಸ್ಪತ್ರೆ ಹಾಸಿಗೆಗಳ ಮೇಲೆ ಎಣಿಸಿದ ಲೆಕ್ಕದಿಂದ ಈ ಎರಡೂ ಮಾತನ್ನು ಹೇಳಲು ಬರುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಸುಪ್ತ ಟಿಬಿ ಅಂದರೆ ಕಾಯಿಲೆ ಅಲ್ಲ. ರೋಗಾಣು ಒಳಗೆ ಹೋಗಿದೆ, ದೇಹ ಅದನ್ನು ಕಟ್ಟಿಹಾಕಿದೆ. ಕೆಮ್ಮಿಲ್ಲ, ಜ್ವರ ಇಲ್ಲ, ಇನ್ನೊಬ್ಬರಿಗೆ ಹರಡುವುದೂ ಇಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ನೂರು ಜನರಲ್ಲಿ ಸುಮಾರು 31 ಜನರಿಗೆ ಈ ಸೋಂಕು ಇತ್ತು. ಇಲ್ಲಿ ಮುನ್ನೂರು ಜನ ಕೂತಿದ್ದೀರಿ ಅಂದುಕೊಳ್ಳಿ, ತೊಂಬತ್ತರ ಮೇಲೆ ಆಯಿತು. ಪಕ್ಕದವರನ್ನು ಹಾಗೆ ನೋಡಬೇಡಿ, ಅವರೂ ನಿಮ್ಮನ್ನೇ ನೋಡುತ್ತಿದ್ದಾರೆ! ಇವರಲ್ಲಿ ನೂರಕ್ಕೆ ಐದರಿಂದ ಹತ್ತು ಜನರಿಗೆ ಮಾತ್ರ ಬದುಕಿನಲ್ಲಿ ಯಾವಾಗಲಾದರೂ ಟಿಬಿ ಕಾಯಿಲೆ ಬರುತ್ತದೆ. ಉಳಿದವರಲ್ಲಿ ಕಾವಲು ಗಟ್ಟಿಯಾಗಿರುತ್ತದೆ. ಆ ಕಾವಲುಗಾರರೇ ರಕ್ತದ ಟಿ ಜೀವಕೋಶಗಳು, ಅಂದರೆ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ.

ಸುಪ್ತ ಟಿಬಿ ಇದೆಯಾ ಅಂತ ನೋಡುವ ರಕ್ತಪರೀಕ್ಷೆಗೆ ಇಗ್ರಾ ಅನ್ನುತ್ತೇವೆ. ಅದು ರೋಗಾಣುವನ್ನು ಹುಡುಕುವುದೇ ಇಲ್ಲ. ಈ ಕಾವಲುಗಾರರನ್ನೇ "ಇವನನ್ನು ಮೊದಲು ನೋಡಿದ್ದೀರಾ?" ಅಂತ ಕೇಳುತ್ತದೆ. ನೋಡಿದ್ದರೆ ಅವು ಇಂಟರ್‌ಫೆರಾನ್ ಗಾಮಾ ಅನ್ನುವ ವಸ್ತು ಬಿಡುತ್ತವೆ. ಕಾವಲುಗಾರರೇ ಮಲಗಿದ್ದರೆ? ಇದೊಂದು ಪ್ರಶ್ನೆಯನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ನನ್ನ ಒಬ್ಬ ರೋಗಿಯ ವಿಷಯ ಹೇಳುತ್ತೇನೆ. 2021ರ ಮೇ ತಿಂಗಳು, ಎರಡನೇ ಅಲೆ. ಮಂಡ್ಯ ಕಡೆಯಿಂದ ಆಲೆಮನೆ ನಡೆಸುವ ಯಜಮಾನರೊಬ್ಬರು ಬಂದರು. ಸಕ್ಕರೆ ಕಾಯಿಲೆ ಬೇರೆ ಇತ್ತು. ಬೆಲ್ಲದ ಮನೆಯಲ್ಲೇ ಹುಟ್ಟಿ ಬೆಳೆದವರು, ಬೆಲ್ಲ ಬಿಡಿ ಅಂದರೆ ಮೀನಿಗೆ ನೀರು ಬಿಡು ಅಂದ ಹಾಗೆ ನೋಡುತ್ತಿದ್ದರು. ಆಕ್ಸಿಜನ್ ಹಾಕಿದೆವು, ಮಾಸ್ಕ್ ಕಿತ್ತುಕೊಂಡು ಆಲೆಮನೆ ಲೆಕ್ಕ ಹೇಳುತ್ತಿದ್ದರು. ಅವರ ಅಣ್ಣ ವರ್ಷಗಳ ಹಿಂದೆ ಅದೇ ಮನೆಯಲ್ಲಿ ಟಿಬಿಯಿಂದ ತೀರಿಕೊಂಡಿದ್ದರು. ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಸುಪ್ತ ಟಿಬಿಯನ್ನು ಎಬ್ಬಿಸಬಹುದಾದ ಟೊಸಿಲಿಜುಮಾಬ್ ಅನ್ನುವ ಔಷಧ ಕೊಡಬೇಕಾಗಬಹುದು ಅನ್ನಿಸಿದ್ದರಿಂದ ಮೊದಲೇ ಇಗ್ರಾಗೆ ರಕ್ತ ಕಳಿಸಿದೆವು.

ರಿಪೋರ್ಟ್ ಬಂತು: "ಇಂಡಿಟರ್ಮಿನೇಟ್". ವಾರ್ಡಿನ ಹೊರಗೆ ಕಾಯುತ್ತಿದ್ದ ಮಗ ಅದರ ಫೋಟೋ ನೋಡಿ, "ಪಾಸಿಟಿವ್ ಅಂತ ಇಲ್ಲ ಅಲ್ವಾ ಸರ್, ಸದ್ಯ!" ಅಂದ. ಅವನನ್ನು ಕೂರಿಸಿಕೊಂಡು ಸಾಲು ಸಾಲಾಗಿ ತೋರಿಸಿದೆ. ಈ ಪರೀಕ್ಷೆಯಲ್ಲಿ ರಕ್ತವನ್ನು ಬೇರೆ ಬೇರೆ ಟ್ಯೂಬ್‌ಗಳಿಗೆ ಹಾಕಿ ಒಂದು ರಾತ್ರಿ ಮೈಬಿಸಿಯಷ್ಟು ಶಾಖದಲ್ಲಿ ಇಡುತ್ತಾರೆ. ಒಂದು ಟ್ಯೂಬ್‌ನಲ್ಲಿ ಏನೂ ಇರಲ್ಲ. ಇನ್ನೊಂದರಲ್ಲಿ ಟಿಬಿಯ ಪ್ರೋಟೀನು. ಮತ್ತೊಂದರಲ್ಲಿ ಮೈಟೋಜನ್, ಅದು ಟಿಬಿ ಇರಲಿ ಬಿಡಲಿ ಯಾರ ರಕ್ತವನ್ನಾದರೂ ಎಬ್ಬಿಸಬೇಕು. ಯಜಮಾನರ ಮೈಟೋಜನ್ ಟ್ಯೂಬೇ ಎದ್ದಿರಲಿಲ್ಲ. ಅದೇ ದಿನದ ರಕ್ತದ ಎಣಿಕೆಯಲ್ಲಿ ಲಿಂಫೋಸೈಟ್‌ಗಳೂ ನೆಲ ಕಚ್ಚಿದ್ದವು. "ನೋಡಪ್ಪ, ನಿಮ್ಮ ತಂದೆಗೆ ಟಿಬಿ ಸೋಂಕು ಇಲ್ಲ ಅಂತ ಇದು ಹೇಳ್ತಿಲ್ಲ. ಕೇಳಿದ್ದಕ್ಕೆ ಉತ್ತರವೇ ಬಂದಿಲ್ಲ ಅಂತ ಹೇಳ್ತಿದೆ" ಅಂದೆ.

ಯಜಮಾನರು ಹುಷಾರಾದರು. ಟೊಸಿಲಿಜುಮಾಬ್ ಬೇಕಾಗಲಿಲ್ಲ, ಡೆಕ್ಸಾಮೆಥಸೋನ್ ಅನ್ನುವ ಸ್ಟಿರಾಯ್ಡ್ ಸಾಕಾಯಿತು. ದೀಪಾವಳಿ ಹೊತ್ತಿಗೆ ತೋರಿಸಿಕೊಳ್ಳಲು ಬಂದರು, ಕೈಯಲ್ಲಿ ಅಚ್ಚುಬೆಲ್ಲದ ಪೊಟ್ಟಣ. ನರ್ಸ್‌ಗಳಿಗೆಲ್ಲ ಹಂಚಿದರು, ತಾವೂ ಒಂದು ಚೂರು ಬಾಯಿಗೆ ಹಾಕಿಕೊಳ್ಳಲು ನೋಡಿ ಸಿಸ್ಟರ್ ಕೈಗೆ ಸಿಕ್ಕಿಬಿದ್ದರು. ಆಗ ಇಗ್ರಾ ಮತ್ತೆ ಮಾಡಿದೆವು. ಸ್ಪಷ್ಟವಾಗಿ ಪಾಸಿಟಿವ್.

ಈಗ ನೋಡಿ. ಮೇ ತಿಂಗಳಲ್ಲಿ ಯಾರಾದರೂ ನಮ್ಮ ವಾರ್ಡಿನಲ್ಲಿ ಅಧ್ಯಯನ ಮಾಡಿದ್ದರೆ ಈ ಯಜಮಾನರನ್ನು ಯಾವ ಕಾಲಂನಲ್ಲಿ ಬರೆಯುತ್ತಿದ್ದರು? ಲೆಕ್ಕದಿಂದ ಬಿಡುತ್ತಿದ್ದರು, ಇಲ್ಲವೇ ಪಾಸಿಟಿವ್ ಅಲ್ಲದವರ ಜೊತೆ ಸೇರಿಸುತ್ತಿದ್ದರು. ಕೊರೊನಾ ಜೋರಾದಷ್ಟೂ ಲಿಂಫೋಸೈಟ್ ಇಳಿಯುತ್ತದೆ, ಅವು ಇಳಿದಷ್ಟೂ ಇಗ್ರಾ ಪಾಸಿಟಿವ್ ಬರುವುದು ಕಷ್ಟ. ಹಾಗಾಗಿ ಪಾಸಿಟಿವ್ ಬಂದವರೆಲ್ಲ ಹೆಚ್ಚಾಗಿ ಹಗುರ ಕಾಯಿಲೆಯವರೇ ಆಗಿ ಕಾಣುತ್ತಾರೆ. ಆಮೇಲೆ "ಸುಪ್ತ ಟಿಬಿ ಕೊರೊನಾದಿಂದ ಕಾಪಾಡುತ್ತದೆ" ಅಂತ ಒಂದು ಸಾಲು ಹೊರಬರುತ್ತದೆ. ಕಾಪಾಡಿತೋ, ಕಾವಲುಗಾರರು ಮಲಗಿದ್ದರೋ? ಆ ಲೆಕ್ಕದಿಂದ ಗೊತ್ತಾಗಲ್ಲ.

ಇನ್ನೊಂದು ಕಡೆಯದ್ದೂ ಅಷ್ಟೇ. 2020ರ ಶುರುವಿನಲ್ಲೇ ಚೀನಾದ ಶೆನ್ಯಾಂಗ್‌ನಿಂದ ಟಿಬಿ ಸೋಂಕು ಇದ್ದವರಿಗೆ ಕೊರೊನಾ ಜೋರಾಗುತ್ತದೆ ಅಂತ ಒಂದು ವರದಿ ಬಂತು. ಅದರಲ್ಲಿದ್ದ ರೋಗಿಗಳು ಒಟ್ಟು 36 ಜನ. ಅಷ್ಟು ಜನರ ಮೇಲೆ ಕೋಟಿಗಟ್ಟಲೆ ಜನರಿಗೆ ಭಯ ಹಂಚುವುದು ತರವೇ? ಚೆನ್ನೈನ ಕ್ಷಯರೋಗ ಸಂಶೋಧನಾ ಸಂಸ್ಥೆಯವರು ಸುಪ್ತ ಟಿಬಿ ಇದ್ದವರಲ್ಲಿ ಕೊರೊನಾ ವಿರುದ್ಧದ ಪ್ರತಿಕಾಯಗಳೂ, ಸೈಟೊಕೈನ್ ಅನ್ನುವ ರೋಗನಿರೋಧಕ ಸಂಕೇತ ವಸ್ತುಗಳೂ ಹೆಚ್ಚಿದ್ದದ್ದನ್ನು ಕಂಡರು. ಒಳ್ಳೆಯ ಕೆಲಸ. ಆದರೆ ರಕ್ತದಲ್ಲಿ ಒಂದು ಅಂಶ ಏರುವುದು ಬೇರೆ, ವಾರ್ಡಿನಿಂದ ಮನುಷ್ಯ ಎದ್ದು ಮನೆಗೆ ಹೋಗುವುದು ಬೇರೆ.

ಗಟ್ಟಿಯಾಗಿ ಗೊತ್ತಿರುವುದೂ ಇದೆ. ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್ ಪ್ರಾಂತ್ಯದ ದೊಡ್ಡ ಲೆಕ್ಕ ತೆಗೆದುಕೊಳ್ಳಿ. ಟಿಬಿ ಕಾಯಿಲೆಯೇ ಇದ್ದವರಲ್ಲಿ ಕೊರೊನಾದಿಂದ ಸಾಯುವ ಅಪಾಯ ಸುಮಾರು 2.7 ಪಟ್ಟು, ಹಿಂದೆ ಬಂದು ಹೋಗಿದ್ದವರಲ್ಲಿ ಒಂದೂವರೆ ಪಟ್ಟು. ಅದು ಶ್ವಾಸಕೋಶ ಹಾಳುಮಾಡಿದ ಟಿಬಿಯ ಮಾತು, ಸುಪ್ತ ಟಿಬಿಯದ್ದಲ್ಲ. ಇವೆರಡನ್ನೂ ಬೆರೆಸಿ ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಬೇಡಿ, ದಯವಿಟ್ಟು.

ನನಗೆ ನಿಜವಾದ ಆತಂಕ ಇರುವುದು ತಿರುಗುಮುರುಗು ಪ್ರಶ್ನೆಯಲ್ಲಿ. ಸುಪ್ತ ಟಿಬಿ ಕೊರೊನಾಗೆ ಏನು ಮಾಡುತ್ತದೆ ಅನ್ನುವುದಕ್ಕಿಂತ, ಕೊರೊನಾ ಮತ್ತು ನಾವು ಕೊಡುವ ಔಷಧ ಸುಪ್ತ ಟಿಬಿಗೆ ಏನು ಮಾಡುತ್ತವೆ? ವೈರಸ್ಸು ಕಾವಲುಗಾರರನ್ನು ಇಳಿಸುತ್ತದೆ. ಸ್ಟಿರಾಯ್ಡ್ ಅವರನ್ನು ಇನ್ನಷ್ಟು ಸುಮ್ಮನಾಗಿಸುತ್ತದೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಡೆಕ್ಸಾಮೆಥಸೋನ್ ಜೀವ ಉಳಿಸುತ್ತದೆ ಅಂತ ತೋರಿಸಿತು. ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರನೇ ಒಂದು ಭಾಗ, ಆಕ್ಸಿಜನ್ ಮೇಲಿದ್ದವರದ್ದು ಐದನೇ ಒಂದು ಭಾಗ ಕಡಿಮೆ. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ಆಕ್ಸಿಜನ್ ಬೇಡದವರಿಗೆ ಲಾಭ ಇಲ್ಲ ಅಂತಲೂ ಅದೇ ಪ್ರಯೋಗ ಹೇಳಿತ್ತು. ನಾವು ಕಂಡದ್ದೇನು? ಬರೀ ಜ್ವರ ಇದ್ದವರೂ ಚೀಟಿ ಇಲ್ಲದೆ ಮೆಡಿಕಲ್ ಸ್ಟೋರ್‌ನಿಂದ ತಂದು ವಾರಗಟ್ಟಲೆ ನುಂಗಿದರು. ಕಪ್ಪು ಶಿಲೀಂಧ್ರ ಕಣ್ಣಿಗೆ ಕಾಣಿಸಿತು, ಎಲ್ಲರೂ ಬೆಚ್ಚಿದರು. ಟಿಬಿ ಹಾಗೆ ಗದ್ದಲ ಮಾಡಿಕೊಂಡು ಬರಲ್ಲ.

ಅದೇ ಹೊತ್ತಿಗೆ ಹುಡುಕುವವರೂ ಕಡಿಮೆಯಾದರು. ದೇಶದಲ್ಲಿ 2019ರಲ್ಲಿ ದಾಖಲಾದ ಟಿಬಿ ರೋಗಿಗಳು 24 ಲಕ್ಷ, 2020ರಲ್ಲಿ 18 ಲಕ್ಷ. ಟಿಬಿಗೆ ಇಟ್ಟಿದ್ದ ಟ್ರೂನ್ಯಾಟ್ ಯಂತ್ರಗಳು ಕೊರೊನಾ ಪರೀಕ್ಷೆಗೆ ಹೋದವು, ನೀವು ಆಶಾಗಳೂ ಮನೆ ಮನೆ ಕ್ವಾರಂಟೈನ್ ಪಟ್ಟಿ ಹಿಡಿದು ಓಡಾಡಿದಿರಿ. ಆ ವರ್ಷ ಆರು ಲಕ್ಷ ಜನರ ಟಿಬಿ ಮಾಯವಾಗಿರಲಿಲ್ಲ, ಕೆಮ್ಮುತ್ತಾ ಮನೆಯಲ್ಲೇ ಇತ್ತು. ಇದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಚೀಟಿ ಬಂತು, ಐದೇ ನಿಮಿಷ ಅಂತೆ. ಬಿಸಿಜಿ ಲಸಿಕೆ ಬಗ್ಗೆ ಹೇಳಬೇಕೆಂದಿದ್ದೆ, ಬಿಡುತ್ತೇನೆ. ಬಿಸಿಜಿ ಹಾಕಿಸಿಕೊಂಡವರಿಗೂ ಇಗ್ರಾ ಸರಿಯಾಗಿಯೇ ಕೆಲಸ ಮಾಡುತ್ತದೆ, ಅಷ್ಟು ಸಾಕು.

ಆಶಾ ಅಕ್ಕಂದಿರಿಗೆ ಒಂದು ಮಾತು. ಕೊರೊನಾ ಆಗಲಿ, ಜೋರು ಫ್ಲೂ ಆಗಲಿ ಬಂದು ಹೋದ ಮೇಲೆ ಎರಡು ಮೂರು ವಾರ ಕೆಮ್ಮು ಬಿಡದಿದ್ದರೆ "ಕೊರೊನಾ ಕೆಮ್ಮು, ಹೋಗುತ್ತೆ" ಅನ್ನಬೇಡಿ. ಕಫದ ಡಬ್ಬಿ ಕೊಡಿ, ಕಫದಲ್ಲಿ ಟಿಬಿ ರೋಗಾಣು ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೆ ಕಳಿಸಿ. ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದರೆ ಉಳಿದವರನ್ನೂ ಕರೆತನ್ನಿ. ಮೊದಲು ಕೆಮ್ಮು, ಎಕ್ಸ್‌ರೇ ನೋಡಿ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಂಡು ತಡೆ ಮಾತ್ರೆ ಶುರು ಮಾಡುತ್ತೇವೆ. ದಿನಾ ಐಸೋನಿಯಾಜಿಡ್ ಆದರೆ ಆರು ತಿಂಗಳು. ರಿಫಾಪೆಂಟಿನ್ ಜೊತೆಗಾದರೆ ವಾರಕ್ಕೊಂದು ಸಲ, ಹನ್ನೆರಡು ವಾರ. ನಮ್ಮ ಆಲೆಮನೆ ಯಜಮಾನರು ತಗೊಂಡಿದ್ದು ಈ ಹನ್ನೆರಡು ವಾರದ್ದೇ. ಪ್ರತಿ ಭಾನುವಾರ ಸೊಸೆ ಎದುರಿಗೆ ಕೂತು ನುಂಗಿಸುತ್ತಿದ್ದಳಂತೆ.

ಪ್ರಶ್ನೆಗಳಿಗೆ ಸ್ವಲ್ಪ ಹೊತ್ತು ಉಳಿಸಿದ್ದೇನೆ. ಹಿಂದಿನ ಸಾಲಿನ ಅಮ್ಮ ಆಗಿನಿಂದಲೇ ಕೈ ಎತ್ತಿದ್ದಾರೆ. ಮೈಕ್ ಅವರಿಗೆ ಕೊಡಿ.