ಟಿಕೆಟ್ ದುಡ್ಡಿನ ಆಚೆ: ಸಿಂಫನಿ ಆರ್ಕೆಸ್ಟ್ರಾದ ಜಮಾ-ಖರ್ಚು

ಕೇಳುಗರಿಗೆ ನಮಸ್ಕಾರ.

ಸಿಂಫನಿ ಆರ್ಕೆಸ್ಟ್ರಾಗಳು ಹೇಗೆ ನಡೆಯುತ್ತವೆ, ಅವಕ್ಕೆ ದುಡ್ಡು ಎಲ್ಲಿಂದ ಬರುತ್ತದೆ, ಇದರ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನಿಲಯದವರು ಕರೆದಿದ್ದಾರೆ. ನಾನು ವಾದ್ಯ ನುಡಿಸುವವನಲ್ಲ. ಸಂಗೀತ ಸಭೆಗಳು, ದತ್ತಿಗಳು, ಟ್ರಸ್ಟುಗಳ ಲೆಕ್ಕ ಪರಿಶೋಧನೆ ನನ್ನ ಕಸುಬು. ಜರ್ಮನ್ ಸಂಗೀತ ರಚನಕಾರ ಬೀಥೋವನ್ನನ ಕೃತಿಗಳನ್ನು ಕೇಳುವುದು ಚಟ. ಕಸುಬು, ಚಟ ಎರಡೂ ಒಟ್ಟಿಗೆ ಸಿಕ್ಕಿದ ವಿಷಯವಾದ್ದರಿಂದ ಉತ್ಸಾಹ ಸ್ವಲ್ಪ ಹೆಚ್ಚಾದರೆ ಸಹಿಸಿಕೊಳ್ಳಿ.

ಗಣೇಶನ ಹಬ್ಬಕ್ಕೆ ಬೀದಿ ತುದಿಯಲ್ಲಿ ಸ್ಟೇಜು ಹಾಕಿ ಸಿನಿಮಾ ಹಾಡು ಹಾಡಿಸುತ್ತಾರಲ್ಲ, ಆ ಆರ್ಕೆಸ್ಟ್ರಾ ಅಲ್ಲ ಇದು. ಇಲ್ಲಿ ವೇದಿಕೆಯ ಮೇಲೆ 90ರಿಂದ 100 ಜನ ಕೂರುತ್ತಾರೆ. ತಂತಿವಾದ್ಯದವರೇ 60: ಮೊದಲ ಪಿಟೀಲಿನ ಸಾಲಿನಲ್ಲಿ 16, ಎರಡನೆಯದರಲ್ಲಿ 14, ವಯೋಲಾ 12, ಚೆಲ್ಲೊ 10, ಡಬಲ್ ಬೇಸ್ 8. ಆಮೇಲೆ ಕೊಳಲು, ಕ್ಲಾರಿನೆಟ್, ಕಹಳೆಗಳು, ನಗಾರಿಗಳು. ನಮ್ಮಲ್ಲಿ ಹಾಡುವವರು, ಪಿಟೀಲಿನವರು, ಮೃದಂಗದವರು, ತಂಬೂರಿಯವರು ಒಂದೇ ಕಾರಿನಲ್ಲಿ ಬಂದು ಇಳಿದರೆ ಕಚೇರಿ ಆಗಿಹೋಗುತ್ತದೆ. ಅಲ್ಲಿ ಆಳೆತ್ತರದ ಡಬಲ್ ಬೇಸುಗಳನ್ನು ಸಾಗಿಸಲಿಕ್ಕೇ ಒಂದು ಲಾರಿ ಬೇಕು.

ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ಟಿಕೆಟ್ ದುಡ್ಡಿನಿಂದ ಸಿಂಫನಿ ಆರ್ಕೆಸ್ಟ್ರಾ ನಡೆಯುವುದಿಲ್ಲ. ಹಾಲ್ ತುಂಬಿದರೂ ನಡೆಯುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಯಾರಾದರೂ ಒಬ್ಬರು ಎದ್ದು, "ಅಲ್ಲ ಸ್ವಾಮಿ, ಎರಡೂವರೆ ಸಾವಿರ ಜನ ದುಡ್ಡು ಕೊಟ್ಟು ಬರ್ತಾರಲ್ಲ, ಲಾಭ ಎಷ್ಟು?" ಎಂದು ಕೇಳುತ್ತಾರೆ. ಲಾಭ ಇಲ್ಲ, ಸ್ವಾಮಿ. ಕೂಡಿಸಿ ತೋರಿಸುತ್ತೇನೆ, ಪೆನ್ನು ಇದ್ದರೆ ಬರೆದುಕೊಳ್ಳಿ.

ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಒಂದು ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ನಾಲ್ಕು ತಾಲೀಮು. ಒಂದೊಂದು ತಾಲೀಮು ಎರಡೂವರೆ ಗಂಟೆ. ಅಲ್ಲಿಗೆ 10 ಗಂಟೆ ಆಯಿತು. ಕಚೇರಿಯ 2 ಗಂಟೆ ಸೇರಿಸಿ, 12. ಇದನ್ನು 90 ಜನರಿಂದ ಗುಣಿಸಿದರೆ 1,080 ಗಂಟೆಗಳ ಕೂಲಿ. ಒಬ್ಬನೇ ಮನುಷ್ಯ ದಿನಕ್ಕೆ 8 ಗಂಟೆ ದುಡಿದರೆ 135 ದಿನ ಆಗುವಷ್ಟು ಕೆಲಸ ಅದು. ಒಂದು ಸಂಜೆಗೆ! ಅದೇ ಕಾರ್ಯಕ್ರಮವನ್ನು ಇನ್ನೆರಡು ಸಂಜೆ ನುಡಿಸಿ ತಾಲೀಮಿನ ಖರ್ಚನ್ನು ಹಂಚುತ್ತಾರೆ, ಆದರೂ ಗಿಟ್ಟುವುದಿಲ್ಲ. ಮನೆಯಲ್ಲಿ ಕೂತು ಅಭ್ಯಾಸ ಮಾಡಿದ್ದನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಎದುರು ನಿಂತು ಇಡೀ ವೃಂದವನ್ನು ನಡೆಸುವ ಕಂಡಕ್ಟರಿಗೆ, ಬೇರೆ ಊರಿನಿಂದ ಬರುವ ಪಿಯಾನೊ ಕಲಾವಿದರಿಗೆ ಸಂಭಾವನೆ. ಹಾಲ್ ಬಾಡಿಗೆ. ವೇದಿಕೆ ಜೋಡಿಸುವವರ ಕೂಲಿ. ವಿಮೆ. ಹಕ್ಕುಸ್ವಾಮ್ಯ ಇರುವ ಕೃತಿಯಾದರೆ ಸ್ವರಲಿಪಿಯ ಹಾಳೆಗಳನ್ನೂ ಪ್ರಕಾಶಕರಿಂದ ಬಾಡಿಗೆಗೆ ತರಬೇಕು. ಆ ಹಾಳೆಗಳಲ್ಲಿ ಕಮಾನು ಯಾವಾಗ ಮೇಲೆ, ಯಾವಾಗ ಕೆಳಗೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಲಿಕ್ಕೆ ಒಬ್ಬರು ಗ್ರಂಥಪಾಲಕರಿಗೆ ಸಂಬಳ.

ಇವುಗಳಲ್ಲಿ ಯಾವುದನ್ನು ಉಳಿಸುತ್ತೀರಿ? ಬೀಥೋವನ್ನನ ಒಂಬತ್ತನೆಯ ಸಿಂಫನಿಯನ್ನು ಮೊದಲು ನುಡಿಸಿದ್ದು 1824ರಲ್ಲಿ, ವಿಯೆನ್ನಾದಲ್ಲಿ. ಆಗ ಒಂದು ಗಂಟೆಗೂ ಮಿಕ್ಕಿ ಹಿಡಿಯುತ್ತಿತ್ತು, ಈಗಲೂ ಹಾಗೇ. ನೇಯ್ಗೆ ಗಿರಣಿಯಲ್ಲಿ ಅಂದು ನೂರು ಜನ ಮಾಡುತ್ತಿದ್ದುದನ್ನು ಇಂದು ಇಬ್ಬರು ಮಾಡುತ್ತಾರೆ, ಆದ್ದರಿಂದ ಅವರ ಸಂಬಳ ಏರಿದರೂ ಬಟ್ಟೆ ಅಗ್ಗ. ಪಿಟೀಲಿನವರ ಸಂಬಳವೂ ಕಾಲಕ್ಕೆ ತಕ್ಕಂತೆ ಏರಲೇಬೇಕು, ಅವರಿಗೂ ಮನೆ ಬಾಡಿಗೆ ಇದೆ. ಆದರೆ ನಾಲ್ವರ ಕೆಲಸವನ್ನು ಒಬ್ಬರು ಮಾಡಲಾಗದು, ಸಿಂಫನಿಯನ್ನು ಅರ್ಧ ಗಂಟೆಯಲ್ಲಿ ಮುಗಿಸಲೂ ಆಗದು. ವಿಲಿಯಂ ಬೌಮಲ್, ವಿಲಿಯಂ ಬೊವೆನ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು 1966ರಲ್ಲೇ ಬಿಡಿಸಿ ಬರೆದರು. ಖರ್ಚು ಏರುತ್ತದೆ, ಟಿಕೆಟ್ ಅಷ್ಟು ಏರುವುದಿಲ್ಲ, ನಡುವಿನ ಕಂದಕ ವರ್ಷವರ್ಷ ಅಗಲವಾಗುತ್ತದೆ. ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಟಿಕೆಟ್‌ನಿಂದ ಬರುವುದು ಒಟ್ಟು ಖರ್ಚಿನಲ್ಲಿ ಸುಮಾರು ಮೂರನೇ ಒಂದು ಭಾಗ ಎಂದು ಇಟ್ಟುಕೊಳ್ಳಿ. ಉಳಿದ ಎರಡು ಭಾಗವನ್ನು ಯಾರೋ ಕೊಡಬೇಕು.

ಯಾರು ಕೊಡುತ್ತಾರೆ? ಬಾಸ್ಟನ್ ಸಿಂಫನಿಯನ್ನು 1881ರಲ್ಲಿ ಕಟ್ಟಿದ ಹೆನ್ರಿ ಲೀ ಹಿಗಿನ್ಸನ್ ಎಂಬ ಬ್ಯಾಂಕರು ಕೊರತೆ ಬಿದ್ದದ್ದನ್ನು 1918ರವರೆಗೂ ಸ್ವಂತ ಜೇಬಿನಿಂದ ತುಂಬಿದರು. ಜರ್ಮನಿಯಲ್ಲಿ ಬಹುಮಟ್ಟಿಗೆ ರಾಜ್ಯ ಸರ್ಕಾರ, ನಗರಪಾಲಿಕೆ ಕೊಡುತ್ತವೆ. ಲಂಡನ್ನಿನ ಒಂದು ಆರ್ಕೆಸ್ಟ್ರಾಕ್ಕೆ ಯಾರು ಕೊಟ್ಟರು ಗೊತ್ತೆ? ನಮ್ಮ ಮೈಸೂರು ಮಹಾರಾಜರು.

ಈ ಕಥೆ ಹೇಳಲಿಕ್ಕೆ ಅವಕಾಶ ಸಿಕ್ಕರೆ ನಾನು ಬಿಡುವವನಲ್ಲ.

ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ವಾಲ್ಟರ್ ಲೆಗ್ ಎಂಬವರು ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಕಟ್ಟಿದರು. ಲೆಗ್ ಇಎಂಐ ಕಂಪನಿಯಲ್ಲಿ ರೆಕಾರ್ಡ್ ಮಾಡಿಸುವ ಅಧಿಕಾರಿ. ಕಿವಿ ಚೂಪು, ನಾಲಿಗೆ ಇನ್ನೂ ಚೂಪು. ಮೊದಲ ಕಚೇರಿಗೆ ಕಂಡಕ್ಟರ್ ಸರ್ ಥಾಮಸ್ ಬೀಚಂ. ಸಂಭಾವನೆ ಬೇಡ, ಒಂದು ಒಳ್ಳೆಯ ಸಿಗಾರ್ ಕೊಡಿ ಸಾಕು ಎಂದರಂತೆ. ಕಂಡಕ್ಟರ್ ಸಿಗಾರಿಗೆ ಒಪ್ಪಬಹುದು, ವಾದಕರು ಒಪ್ಪುತ್ತಾರೆಯೆ? ರೆಕಾರ್ಡಿಂಗ್ ಕೆಲಸದಿಂದ ಅವರಿಗೆ ಕೂಲಿ ಹುಟ್ಟುತ್ತಿತ್ತು. ದೊಡ್ಡ ಕಂಡಕ್ಟರುಗಳನ್ನು ಕರೆಸಿ, ಸಾಕಷ್ಟು ತಾಲೀಮು ಮಾಡಿಸಿ, ಸಾರ್ವಜನಿಕ ಕಚೇರಿ ನಡೆಸಲು ದುಡ್ಡಿರಲಿಲ್ಲ.

ಇತ್ತ ಮೈಸೂರಿನಲ್ಲಿ ಜಯಚಾಮರಾಜ ಒಡೆಯರು. ಪಿಯಾನೊ ವಾದಕರಾಗಬೇಕು ಎಂದು ಆಸೆಪಟ್ಟವರು. 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡರು. ಇಪ್ಪತ್ತೊಂದರ ಹುಡುಗ ಪಿಯಾನೊ ಮುಂದಿನಿಂದ ಎದ್ದು ಸಿಂಹಾಸನದ ಮೇಲೆ ಕೂರಬೇಕಾಯಿತು. ಶ್ರೀವಿದ್ಯಾ ಅಂಕಿತದಲ್ಲಿ ಅವರು ರಚಿಸಿದ ಕೃತಿಗಳು ನಿಮಗೆ ಗೊತ್ತು, ನಮ್ಮ ಕಚೇರಿಗಳಲ್ಲಿ ಇವತ್ತೂ ಹಾಡುತ್ತಾರೆ. ಅದೇ ಕಿವಿ ಪಾಶ್ಚಾತ್ಯ ಸಂಗೀತಕ್ಕೂ ತೆರೆದಿತ್ತು ಎಂಬುದನ್ನು ನಾವು ಮೈಸೂರಿನವರೇ ಮರೆತಿದ್ದೇವೆ.

ಅವರಿಗೆ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಮೇಲೆ ವಿಶೇಷ ಪ್ರೀತಿ. ಮೆಟ್ನರ್ ಲಂಡನ್ನಿನಲ್ಲಿ ಮುಪ್ಪು, ಕಾಯಿಲೆ, ಕೈ ಬರಿದು ಎಂಬ ಸ್ಥಿತಿಯಲ್ಲಿದ್ದರು, ಅವರ ಸಂಗೀತವನ್ನು ಕೇಳುವವರು ಕಡಿಮೆ. ಮಹಾರಾಜರು ಮೆಟ್ನರ್ ಹೆಸರಿನಲ್ಲೇ ಒಂದು ಸೊಸೈಟಿ ಮಾಡಿ, ಮೆಟ್ನರ್ ತಾವೇ ನುಡಿಸಿದ ಕೃತಿಗಳನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟರು. ಮೂರು ಪಿಯಾನೊ ಕಾನ್ಸರ್ಟೊಗಳನ್ನು, ಅಂದರೆ ಆರ್ಕೆಸ್ಟ್ರಾ ಜೊತೆ ಪಿಯಾನೊ ಮುಂದಾಗಿ ನುಡಿಸುವ ಕೃತಿಗಳನ್ನು, ಫಿಲ್ಹಾರ್ಮೋನಿಯಾ ಜೊತೆ ಮೆಟ್ನರ್ ನುಡಿಸಿದ್ದು ಇವತ್ತಿಗೂ ಕೇಳಲು ಸಿಗುತ್ತದೆ. ಮೂರನೆಯದರ ಅರ್ಪಣೆಯಲ್ಲಿ ಮೈಸೂರು ಮಹಾರಾಜರ ಹೆಸರಿದೆ. ದಯವಿಟ್ಟು ಹುಡುಕಿ ಕೇಳಿ.

ಈ ನಂಟಿನಿಂದ ಲೆಗ್ ಮೈಸೂರಿಗೇ ಬಂದರು. ಅರಮನೆಯ ರೆಕಾರ್ಡುಗಳ ಭಂಡಾರ, ಬಗೆಬಗೆಯ ಧ್ವನಿವರ್ಧಕಗಳು, ಕಚೇರಿಗೆ ಬಳಸುವಂಥ ದೊಡ್ಡ ಪಿಯಾನೊಗಳು, ಇವನ್ನೆಲ್ಲ ನೋಡಿ ಬೆರಗಾದದ್ದನ್ನು ಅವರೇ ಬರೆದುಕೊಂಡಿದ್ದಾರೆ. ಮಹಾರಾಜರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಲೆಗ್ ನೆನಪಿನ ಪ್ರಕಾರ ಒಪ್ಪಂದ ಹೀಗಿತ್ತು: ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ. ಅಂದಿನ ವಿನಿಮಯ ದರದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 33 ಸಾವಿರ ರೂಪಾಯಿ. ಕಚೇರಿಗಳನ್ನು ನಡೆಸಲು ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ಜಯಚಾಮರಾಜ ಒಡೆಯರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್ ಬರೆದಿಟ್ಟು ಹೋಗಿದ್ದ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರದರ್ಶನ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಕಂಡಕ್ಟರ್ ಫುರ್ಟ್‌ವೆಂಗ್ಲರ್, ಆರ್ಕೆಸ್ಟ್ರಾ ಫಿಲ್ಹಾರ್ಮೋನಿಯಾ. ಖರ್ಚಿಗೆ ಜಾಮೀನು ನಿಂತವರು ಮೈಸೂರು ಮಹಾರಾಜರು. ಹೋಗಿ ಕೇಳಲು ಅವರಿಗಾಗಲಿಲ್ಲ, ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಿದರು.

ಇದನ್ನು ಹೇಳುವಾಗ ನನಗೆ ಎದೆ ಉಬ್ಬುತ್ತದೆ, ಮುಚ್ಚಿಡುವುದಿಲ್ಲ. ಆದರೆ ನನ್ನೊಳಗಿನ ಲೆಕ್ಕಿಗ ಸುಮ್ಮನಿರುವುದಿಲ್ಲ. ಆ ದುಡ್ಡು ಎಂಥದ್ದು? ವರ್ಷವರ್ಷ ಕೊಡುವ ದುಡ್ಡು. ಕೊಡುವವರ ಕೈ ನಡೆಯುವವರೆಗೆ ಮಾತ್ರ. ಸಂಸ್ಥಾನ ಭಾರತದಲ್ಲಿ ವಿಲೀನವಾಗಿ ಮಹಾರಾಜರು ರಾಜ್ಯಪಾಲರಂಥ ಹುದ್ದೆಯ ರಾಜಪ್ರಮುಖರಾದರು, ಅವರಿಗೆ ವರ್ಷಕ್ಕೆ ಇಷ್ಟು ಎಂದು ರಾಜಧನ ನಿಗದಿಯಾಯಿತು. ಲಂಡನ್ನಿನ ಪಿಟೀಲಿನವರಿಗೆ ಮೈಸೂರಿನಿಂದ ಹಣ ಹೋಗುವ ಕಾಲ ಮುಗಿಯಿತು. ಮುಂದೆ ಫಿಲ್ಹಾರ್ಮೋನಿಯಾ ಕರಾಯಾನ್, ಟೊಸ್ಕನಿನಿ, ಕ್ಲೆಂಪೆರರ್ ಎಂಬ ದೊಡ್ಡ ಕಂಡಕ್ಟರುಗಳೆಲ್ಲರ ಕೈಯಲ್ಲೂ ನುಡಿಸಿ ಹೆಸರು ಮಾಡಿತು. ಆದರೂ 1964ರ ಮಾರ್ಚ್‌ನಲ್ಲಿ ಲೆಗ್ ಒಂದು ಪ್ರಕಟಣೆ ಕೊಟ್ಟು ಆರ್ಕೆಸ್ಟ್ರಾವನ್ನು ನಿಲ್ಲಿಸುತ್ತೇನೆ ಎಂದರು. ಅದು ಅವರ ಸ್ವಂತದ್ದಾಗಿತ್ತು. ಮಾಲೀಕ ಬಾಗಿಲು ಹಾಕುತ್ತೇನೆಂದರೆ ಕೇಳುವವರಾರು?

ವಾದಕರು ಕೇಳಿದರು. ಸಭೆ ಸೇರಿ, ತಮ್ಮೊಳಗಿಂದಲೇ ಒಂದು ಆಡಳಿತ ಮಂಡಳಿ ಆರಿಸಿಕೊಂಡು, ನ್ಯೂ ಫಿಲ್ಹಾರ್ಮೋನಿಯಾ ಎಂದು ಹೆಸರಿಟ್ಟುಕೊಂಡರು. ವೃದ್ಧ ಕ್ಲೆಂಪೆರರ್ ಅವರ ಬೆನ್ನಿಗೆ ನಿಂತರು. ಅದೇ ಅಕ್ಟೋಬರಿನಲ್ಲಿ ಅವರ ಕೈಕೆಳಗೆ ಬೀಥೋವನ್ನನ ಒಂಬತ್ತನೆಯದನ್ನೇ ನುಡಿಸಿದರು. ಹಳೆಯ ಹೆಸರು ಅವರಿಗೆ ಮರಳಿ ಸಿಕ್ಕಿದ್ದು 1977ರಲ್ಲಿ. ಇವತ್ತೂ ಅಲ್ಲಿ ವಾದಕರೇ ಆಡಳಿತದಲ್ಲಿದ್ದಾರೆ. ತಿಂಗಳ ಸಂಬಳ ಇಲ್ಲ, ಕರೆದಷ್ಟು ಸಲಕ್ಕೆ ಕೂಲಿ. ಸರ್ಕಾರದ ಕಡೆಯಿಂದ ಆರ್ಟ್ಸ್ ಕೌನ್ಸಿಲ್ ಅನುದಾನ, ದಾನಿಗಳ ಕೊಡುಗೆ, ಪ್ರವಾಸದ ಗಳಿಕೆ, ಸಿನಿಮಾ ಸಂಗೀತದ ರೆಕಾರ್ಡಿಂಗ್, ಎಲ್ಲ ಸೇರಿಸಿ ದೂಡುತ್ತಾರೆ. ಟಿಕೆಟ್ ಒಂದರಿಂದ? ಆಗುವುದಿಲ್ಲ.

ನನಗೆ ಕೊಟ್ಟ ಸಮಯದಲ್ಲಿ ಅರ್ಧ ಮೈಸೂರಿಗೇ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ವರ್ಷವರ್ಷ ಕೈಚಾಚುವುದನ್ನು ತಪ್ಪಿಸಲು ಅಮೆರಿಕದವರು ಹಿಡಿದ ದಾರಿ ಇಡುಗಂಟು. ದೇವಸ್ಥಾನದಲ್ಲಿ ಶಾಶ್ವತ ಪೂಜೆಗೆ ಎಂದು ದುಡ್ಡು ಕಟ್ಟುತ್ತೀರಲ್ಲ, ಅಸಲು ಹಾಗೇ ಇರುತ್ತದೆ, ಬಡ್ಡಿಯಲ್ಲಿ ನಿಮ್ಮ ತಂದೆಯವರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಅರ್ಚನೆ ಆಗುತ್ತದೆ, ಹಾಗೆ. ಆರ್ಕೆಸ್ಟ್ರಾಗಳು ಸಾಮಾನ್ಯವಾಗಿ ಇಡುಗಂಟಿನ ಶೇಕಡಾ 5ರ ಆಸುಪಾಸನ್ನು ವರ್ಷಕ್ಕೆ ತೆಗೆಯುತ್ತವೆ. ಅಂದರೆ ವರ್ಷಕ್ಕೆ 1 ಕೋಟಿ ಬೇಕಿದ್ದರೆ 20 ಕೋಟಿ ಕೂಡಿಟ್ಟಿರಬೇಕು.

ಇಡುಗಂಟು ಇದ್ದ ಮಾತ್ರಕ್ಕೆ ನಿಶ್ಚಿಂತೆ ಎಂದುಕೊಳ್ಳಬೇಡಿ. 1900ರಲ್ಲಿ ಹುಟ್ಟಿದ ಫಿಲಾಡೆಲ್ಫಿಯಾ ಆರ್ಕೆಸ್ಟ್ರಾ ಜಗತ್ತಿನ ಅತ್ಯುತ್ತಮ ವಾದ್ಯವೃಂದಗಳಲ್ಲಿ ಒಂದು. 2011ರ ಏಪ್ರಿಲ್‌ನಲ್ಲಿ ಅದು ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿತು. ಆಗ ಅದರ ಇಡುಗಂಟು ಸುಮಾರು 14 ಕೋಟಿ ಡಾಲರ್! ಅದರಲ್ಲಿ ಬಹುಪಾಲು ದಾನಿಗಳು ಇಂಥದಕ್ಕೇ ಎಂದು ಷರತ್ತು ಹಾಕಿ ಕೊಟ್ಟದ್ದು. ಶಾಶ್ವತ ಪೂಜೆಯ ದುಡ್ಡಿನಲ್ಲಿ ದೇವಸ್ಥಾನದ ಕರೆಂಟ್ ಬಿಲ್ ಕಟ್ಟಲಿಕ್ಕಾಗುತ್ತದೆಯೆ? ವಾದಕರ ಸಂಬಳ ಇಳಿಯಿತು, ಪಿಂಚಣಿ ವ್ಯವಸ್ಥೆ ಬದಲಾಯಿತು, 2012ರ ಜುಲೈಯಲ್ಲಿ ಸಂಸ್ಥೆ ದಿವಾಳಿಯಿಂದ ಹೊರಬಂತು. ದಾನ ಕೊಡುವವರಿಗೆ ನನ್ನದೊಂದು ವಿನಂತಿ, ಆರ್ಕೆಸ್ಟ್ರಾಕ್ಕೆ ಮಾತ್ರವಲ್ಲ, ನಮ್ಮೂರ ಸಭೆಗೂ: ಸಾಧ್ಯವಾದರೆ ಷರತ್ತಿಲ್ಲದೆ ಕೊಡಿ.

ಅಮೆರಿಕದ ಮಿನ್ನೆಸೋಟಾ ಆರ್ಕೆಸ್ಟ್ರಾದಲ್ಲಿ ಇನ್ನೊಂದು ಬಗೆ. 2012ರ ಅಕ್ಟೋಬರಿನಲ್ಲಿ ಆಡಳಿತದವರು ಸಂಬಳ ಕಡಿತಕ್ಕೆ ಒಪ್ಪದ ವಾದಕರನ್ನು ಹೊರಗಿಟ್ಟು ಬೀಗ ಹಾಕಿದರು. ಅದೇ ಹೊತ್ತಿನಲ್ಲಿ ಸುಮಾರು 5 ಕೋಟಿ ಡಾಲರ್ ಖರ್ಚಿನಲ್ಲಿ ಹಾಲ್ ನವೀಕರಣ ನಡೆಯುತ್ತಿತ್ತು. ಕಟ್ಟಡಕ್ಕೆ ದುಡ್ಡು ಹುಟ್ಟುತ್ತದೆ, ಸಂಬಳಕ್ಕೆ ಹುಟ್ಟುವುದಿಲ್ಲ. 16 ತಿಂಗಳು ವಾದಕರು ಹೊರಗೇ ಉಳಿದರು. ಕಂಡಕ್ಟರ್ ಓಸ್ಮೊ ವೆನ್ಸ್ಕ ರಾಜೀನಾಮೆ ಕೊಟ್ಟರು. ಕೊನೆಗೆ ಶೇಕಡಾ 15ರ ಕಡಿತಕ್ಕೆ ರಾಜಿಯಾಯಿತು, ವೆನ್ಸ್ಕ ಮರಳಿದರು.

ಇನ್ನೊಂದು ಹಳ್ಳವಿದೆ. ಇಡೀ ಸೀಸನ್ನಿನ ಟಿಕೆಟ್ಟನ್ನು ಮುಂಗಡವಾಗಿ ಮಾರುತ್ತಾರೆ. ಬೇಸಿಗೆಯಲ್ಲಿ ಬ್ಯಾಂಕಿನಲ್ಲಿ ದುಡ್ಡು ಕಾಣುತ್ತದೆ. ಅದು ಆದಾಯವಲ್ಲ, ಸಾಲ. ಇನ್ನೂ ನುಡಿಸದ ಕಚೇರಿಯ ಋಣ. ಅದನ್ನು ಮುಟ್ಟಿದರೆ ಬರುವ ವರ್ಷದ ಟಿಕೆಟ್ಟಿನಲ್ಲಿ ಈ ವರ್ಷದ ಸಂಬಳ ಕೊಡಬೇಕಾಗುತ್ತದೆ. ಸಭೆಗಳ ಕಾರ್ಯದರ್ಶಿಗಳು ಕೇಳಿಸಿಕೊಳ್ಳುತ್ತಿದ್ದೀರಿ ಎಂದುಕೊಂಡಿದ್ದೇನೆ.

ನಮ್ಮ ದೇಶದಲ್ಲಿ ಪೂರ್ಣಾವಧಿ ವೃತ್ತಿಪರ ವಾದ್ಯವೃಂದ ಎಂದರೆ ಮುಂಬೈಯ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ (ಎನ್‌ಸಿಪಿಎ) 2006ರಲ್ಲಿ ಕಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಅದಕ್ಕೂ ದಾನಿಗಳೇ ಆಸರೆ. ಮೈಸೂರಿನ ಎಂಟನೇ ಕ್ರಾಸಿನ ಗಣೇಶೋತ್ಸವದಲ್ಲಿ ನೀವು ರಸ್ತೆಯಲ್ಲಿ ಕುರ್ಚಿ ಹಾಕಿಕೊಂಡು ಪುಕ್ಕಟೆ ಕೇಳುವ ಕಚೇರಿಯ ಹಿಂದೆಯೂ ಯಾರೋ ಚೆಕ್ ಬರೆದಿರುತ್ತಾರೆ.

ಅಮೆರಿಕದ ಲಾಭರಹಿತ ಸಂಸ್ಥೆಗಳು ತೆರಿಗೆ ಇಲಾಖೆಗೆ ಫಾರ್ಮ್ 990 ಎಂಬ ವಿವರ ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ಇಂಟರ್‌ನೆಟ್ಟಿನಲ್ಲಿ ಓದಬಹುದು. ನಿಮಗಿಷ್ಟವಾದ ಆರ್ಕೆಸ್ಟ್ರಾದ್ದು ಒಂದನ್ನು ತೆಗೆದು ನೋಡಿ. ಕೊಡುಗೆ ಎಷ್ಟು, ಟಿಕೆಟ್ ಎಷ್ಟು, ಎರಡನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ. ಲಾಭ ಎಷ್ಟು ಎಂದು ನನ್ನನ್ನು ಕೇಳುವುದು ಆಮೇಲೆ ಆಗಲಿ.

ನಮಸ್ಕಾರ.