ಲಿಫ್ಟ್ ಗುಂಡಿಗೆ ಜಾಗವಿಲ್ಲದ ಕಟ್ಟಡ: 270 ಪಾರ್ಕ್ ಅವೆನ್ಯೂ

ಒಂದು ಹಳೇ ಫೋಟೋ ಕಣ್ಮುಂದೆ ತಂದುಕೊಳ್ಳಿ. ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ, 47 ಮತ್ತು 48ನೇ ರಸ್ತೆಗಳ ನಡುವೆ. ಕಪ್ಪು ಮೈ, ಅದರ ಮೇಲೆ ತುದಿಯಿಂದ ಬುಡದವರೆಗೆ ನೆಟ್ಟಗೆ ಇಳಿದ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳು. 52 ಮಹಡಿ, 707 ಅಡಿ. 1960ರಲ್ಲಿ ಕಟ್ಟಿ ಮುಗಿಸಿದ್ದು. ಈಗ ಅಲ್ಲಿಗೆ ಹೋದರೆ ಇದರ ಒಂದು ಬೋಲ್ಟೂ ಸಿಗಲ್ಲ.

ಕಟ್ಟಿಸಿದವರು ಯೂನಿಯನ್ ಕಾರ್ಬೈಡ್. ಹೌದು, ನಮ್ಮ ಮನೆಗಳ ಟಾರ್ಚಿಗೆ ಎವರೆಡಿ ಸೆಲ್ ಕೊಟ್ಟ, ಆಮೇಲೆ ಭೋಪಾಲದ ಹೆಸರಿನ ಜೊತೆ ಅಂಟಿಕೊಂಡ ಅದೇ ಕಂಪನಿ. ಭೋಪಾಲದ ಅನಿಲ ದುರಂತ ನಡೆದ 1984ರ ಹೊತ್ತಿಗೆ ಅದು ಇಲ್ಲಿರಲಿಲ್ಲ. ಕಟ್ಟಡವನ್ನು ಬ್ಯಾಂಕೊಂದಕ್ಕೆ ಮಾರಿ ಕನೆಕ್ಟಿಕಟ್‌ನ ಡ್ಯಾನ್‌ಬರಿಗೆ ಹೋಗಿತ್ತು. ಅಲ್ಲಿಂದ ಮುಂದೆ ಬ್ಯಾಂಕುಗಳು ಒಂದನ್ನೊಂದು ನುಂಗುತ್ತಾ ಹೋದ ಹಾಗೆ ಬೋರ್ಡೂ ಬದಲಾಗ್ತಾ ಹೋಯ್ತು. ಕಡೆಗೆ ಜೆ.ಪಿ. ಮಾರ್ಗನ್ ಚೇಸ್. ಕ್ರೈಸ್ಲರ್ ಬಿಲ್ಡಿಂಗಿಗೆ ಎಷ್ಟು ಮಾಲೀಕರು ಬಂದು ಹೋದರೂ ಹೆಸರು ಕ್ರೈಸ್ಲರ್ರೇ. ಇದಕ್ಕೆ ಉಳಿದದ್ದು ಬರೀ ವಿಳಾಸ. ಜನ ಬಾಯಿತುಂಬ ಕರೆಯೋ ಹೆಸರಿಲ್ಲದ ಕಟ್ಟಡಕ್ಕೆ ಕಷ್ಟ ಬಂದಾಗ ಬೀದಿಗಿಳಿಯೋರು ಕಡಿಮೆ.

ಆದರೆ ಕಟ್ಟಡ ಸಾಮಾನ್ಯದ್ದಲ್ಲ. ಎಸ್‌ಓಎಂ (ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್) ಅನ್ನೋ ವಾಸ್ತುಶಿಲ್ಪ ಸಂಸ್ಥೆಯ ಕೆಲಸ. ಎಲ್ಲ ಕಡೆ ಕಾಣೋ ಹೆಸರು ಗಾರ್ಡನ್ ಬನ್‌ಶಾಫ್ಟ್ ಅವರದ್ದು, ಡ್ರಾಯಿಂಗ್ ಬೋರ್ಡಿನ ಮುಂದೆ ಕೂತು ದುಡಿದವರು ನಟಾಲಿ ಡಿ ಬ್ಲೋಯಿ. ಹೆಂಗಸರೇ ಅಪರೂಪವಾಗಿದ್ದ ಆ ಕಾಲದ ಆಫೀಸಿನಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿದ ಅವರ ಹೆಸರು ದಶಕಗಳ ಕಾಲ ಅಡಿಟಿಪ್ಪಣಿಯಲ್ಲೇ ಉಳೀತು.

ಈಗ ಅವರಿಗೆ ಎದುರಾದ ಸಮಸ್ಯೆಗೆ ಬರೋಣ. ನಿವೇಶನದ ಬಹುಭಾಗದ ಕೆಳಗೆ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಹಳಿಗಳು, ಅದೂ ಎರಡು ಅಂತಸ್ತಿನಲ್ಲಿ. ಕಂಬ ಇಳಿಸಬೇಕಂದರೆ ಹಳಿಗಳ ನಡುವಿನ ಸಂದಿಯಲ್ಲೇ ಇಳಿಸಬೇಕು. ಅದಕ್ಕಿಂತ ದೊಡ್ಡ ತಲೆನೋವು ಲಿಫ್ಟಿನದು. ಯಾವ ಲಿಫ್ಟಿಗಾದರೂ ಕೊನೇ ನಿಲುಗಡೆಯ ಕೆಳಗೊಂದು ಗುಂಡಿ ಬೇಕು. ಡಬ್ಬ ಅಕಸ್ಮಾತ್ ಕೆಳಗೆ ಜಾರಿದರೆ ತಡೆಯೋ ಬಫರ್ ಇರೋದು ಅಲ್ಲಿ. ಇಲ್ಲಿ ಗುಂಡಿ ತೋಡಿದರೆ ನೇರ ರೈಲಿನ ತಲೆ ಮೇಲೆ. ಹಾಗಾಗಿ ಲಿಫ್ಟ್ ಲಾಬಿಯನ್ನೇ ಒಂದು ಮಹಡಿ ಮೇಲೆತ್ತಿ, ರಸ್ತೆ ಮಟ್ಟದಿಂದ ಎಸ್ಕಲೇಟರ್ ಹಾಕಿದರು. ಎಂಜಿನಿಯರ್ ಆದವರು ಇದನ್ನು ನೋಡಿ ಭೇಷ್ ಅಂತಾರೆ. ಆದರೆ ಫುಟ್‌ಪಾತಿನಲ್ಲಿ ನಡೆಯೋನಿಗೆ ಕಂಡಿದ್ದೇನು? ಗಾಜಿನ ಖಾಲಿ ಹಜಾರ, ಮೇಲಕ್ಕೆ ಹೋಗೋ ಎಸ್ಕಲೇಟರ್. ಒಂದು ಕೆತ್ತನೆ ಇಲ್ಲ, ಕೂರೋಕೆ ಕಟ್ಟೆ ಇಲ್ಲ. ಆ ಕಾಲದ ಗಗನಚುಂಬಿಗಳನ್ನು ಪರಿಣತರು ಎದೆಗಪ್ಪಿಕೊಂಡು, ದಾರಿಹೋಕರು ತಿರುಗಿಯೂ ನೋಡದ್ದಕ್ಕೆ ನನ್ನ ಪ್ರಕಾರ ಅರ್ಧ ಕಾರಣ ಇದು: ಚೆಂದವೆಲ್ಲ ಅಳತೆಯಲ್ಲಿ, ಪಟ್ಟಿಯ ದಪ್ಪದಲ್ಲಿ, ಗಾಜಿನ ಬಣ್ಣದಲ್ಲಿ ಅಡಗಿರುತ್ತೆ. ಅದನ್ನು ಕಾಣೋಕೆ ಎರಡು ನಿಮಿಷ ನಿಲ್ಲಬೇಕು. ಪಾರ್ಕ್ ಅವೆನ್ಯೂದಲ್ಲಿ ಯಾರು ನಿಲ್ತಾರೆ?

ಕೆಡವೋಕೆ ಕಾರಣ ಪಾಳುಬಿದ್ದದ್ದಲ್ಲ. 2010ರ ದಶಕದ ಆರಂಭದಲ್ಲಷ್ಟೇ ಪೂರ್ತಿ ನವೀಕರಿಸಿ, ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ ಲೀಡ್ ಪ್ಲಾಟಿನಂ ಸರ್ಟಿಫಿಕೇಟನ್ನೂ ಪಡೆದಿದ್ದರು. ಹತ್ತು ವರ್ಷ ತುಂಬೋದರೊಳಗೆ ಆ ಪ್ಲಾಟಿನಂ ಲಾರಿ ಹತ್ತಿತು. ನಿಜವಾದ ಕಾರಣ, ಈ ಕಟ್ಟಡವಿದ್ದ ಮಿಡ್‌ಟೌನ್ ಈಸ್ಟ್ ಪ್ರದೇಶಕ್ಕೆ 2017ರಲ್ಲಿ ಬಂದ ವಲಯ ನಿಯಮ. ಬೆಂಗಳೂರಲ್ಲಿ ಸೈಟು, ಮನೆ ಅಂತ ಓಡಾಡಿದವರಿಗೆ ಎಫ್‌ಎಆರ್ (ಸೈಟಿನ ಅಳತೆಗೆ ಎಷ್ಟು ಚದರಡಿ ಕಟ್ಟಬಹುದು ಅನ್ನೋ ಮಿತಿ), ಟಿಡಿಆರ್ (ಕಟ್ಟೋ ಹಕ್ಕನ್ನು ಬೇರೆಡೆಗೆ ವರ್ಗಾಯಿಸೋದು) ಗೊತ್ತಿರುತ್ತೆ, ಅದೇ ಲೆಕ್ಕ. ಪಾರಂಪರಿಕ ಕಟ್ಟಡಗಳು ತಾವು ಬಳಸಲಾಗದ ಕಟ್ಟೋ ಹಕ್ಕನ್ನು ಆ ಪ್ರದೇಶದ ಬೇರೆಯವರಿಗೆ ಮಾರಬಹುದು. ಬ್ಯಾಂಕು ಗ್ರ್ಯಾಂಡ್ ಸೆಂಟ್ರಲ್‌ನಿಂದಲೂ ಸೇಂಟ್ ಬಾರ್ತೊಲೊಮ್ಯೂ ಚರ್ಚಿನಿಂದಲೂ ಕೊಂಡಿತು. ಸುಮಾರು 15 ಲಕ್ಷ ಚದರಡಿ ಇದ್ದ ಜಾಗದಲ್ಲಿ 25 ಲಕ್ಷ ಬರುತ್ತೆ ಅಂದಮೇಲೆ ಹಳೇದು ಉಳಿಯೋದು ಹೇಗೆ? ಹಳೇ ಕಟ್ಟಡ ಉಳಿಸೋಕೆ ಮಾಡಿದ ಪದ್ಧತಿಯೇ ಇನ್ನೊಂದು ಹಳೇ ಕಟ್ಟಡವನ್ನು ಬಲಿ ತಗೊಂಡಿತು.

ಕಾನೂನಿನ ರಕ್ಷಣೆ ಸಿಗಬಹುದಿತ್ತು. ನ್ಯೂಯಾರ್ಕಿನಲ್ಲಿ 30 ವರ್ಷ ತುಂಬಿದ ಕಟ್ಟಡವನ್ನು ಪಾರಂಪರಿಕ ಅಂತ ಘೋಷಿಸಬಹುದು. ಅದೇ ಪಾರ್ಕ್ ಅವೆನ್ಯೂದ ಲಿವರ್ ಹೌಸಿಗೆ 1982ರಲ್ಲಿ ಸಿಕ್ಕಿತು, ಸೀಗ್ರಾಂ ಕಟ್ಟಡಕ್ಕೆ 1989ರಲ್ಲಿ. 1977ರ ಸಿಟಿಕಾರ್ಪ್ ಸೆಂಟರಿಗೂ 2016ರಲ್ಲಿ ಸಿಕ್ಕಿತು. ಇದಕ್ಕೆ ಸಿಗಲಿಲ್ಲ. 2018ರ ಫೆಬ್ರವರಿಯಲ್ಲಿ ಕೆಡವ್ತೀವಿ ಅಂತ ಸುದ್ದಿ ಬಂದ ಮೇಲೆ ವಾಸ್ತುಶಿಲ್ಪ ಬಲ್ಲವರು ಗಟ್ಟಿಯಾಗಿ ಆಕ್ಷೇಪಿಸಿದರು, ಅಷ್ಟೆ.

ಕೆಳಗೆ ರೈಲು ಓಡ್ತಿರೋವಾಗ ಸಿಡಿಮದ್ದಿನ ಮಾತೇ ಇಲ್ಲ. ಇಂಥ ಕಡೆ ಮೊದಲು ಕಲ್ನಾರು ತೆಗೀತಾರೆ, ಆಮೇಲೆ ಗಾಜು ಮತ್ತು ಹೊರಮೈ, ಆಮೇಲೆ ನೆತ್ತಿಯಿಂದ ಒಂದೊಂದೇ ಮಹಡಿ: ಕಾಂಕ್ರೀಟ್ ಒಡೆದು, ಉಕ್ಕಿನ ತೊಲೆಗಳನ್ನು ಗ್ಯಾಸ್ ಕಟ್ಟರಿನಿಂದ ಕತ್ತರಿಸಿ ಇಳಿಸೋದು. ಕೆಲಸ 2019ರಿಂದ 2021ರವರೆಗೆ ನಡೀತು. ಮಾಲೀಕರೇ ಬೇಕಂತ ಕೆಡವಿಸಿದ ಕಟ್ಟಡಗಳಲ್ಲಿ ಅಲ್ಲಿಯವರೆಗೆ ಇಷ್ಟೆತ್ತರದ್ದು ಇನ್ನೊಂದಿರಲಿಲ್ಲ. ಹಳೇ ದಾಖಲೆ 612 ಅಡಿಯ ಸಿಂಗರ್ ಕಟ್ಟಡದ್ದು, ಅದೂ ನ್ಯೂಯಾರ್ಕೇ. ಅದೇ ಜಾಗದಲ್ಲಿ ಎದ್ದ ಹೊಸ ಕಟ್ಟಡ 1,388 ಅಡಿ. ಹಳಿಗಳ ಸಮಸ್ಯೆ ಅದಕ್ಕೂ ತಪ್ಪಲಿಲ್ಲ. ಬುಡದಲ್ಲಿ ಕಂಬಗಳು ಬೀಸಣಿಗೆಯ ಹಾಗೆ ಒಟ್ಟುಗೂಡಿ ಕೆಲವೇ ಬಿಂದುಗಳಲ್ಲಿ ನೆಲ ಮುಟ್ಟುತ್ತವೆ.

ಇದಕ್ಕೆ ತದ್ವಿರುದ್ಧದ ಸಾವು ಫ್ರಾಂಕ್‌ಫರ್ಟಿನ ಎಎಫ್‌ಇ ಗೋಪುರದ್ದು. ವಿಶ್ವವಿದ್ಯಾಲಯದ ಕಾಂಕ್ರೀಟ್ ಕಟ್ಟಡ, 116 ಮೀಟರ್. ಲಿಫ್ಟಿಗೆ ಕಾದು ಕಾದು ವಿದ್ಯಾರ್ಥಿಗಳು ಶಪಿಸಿದ್ದೇ ಶಪಿಸಿದ್ದು. 2014ರ ಫೆಬ್ರವರಿ 2ರಂದು ಸಿಡಿಸಿದಾಗ ನೋಡೋಕೆ ಬಂದವರು ಸಾವಿರಾರು ಜನ. ಬೈದದ್ದಾದರೂ ಒಂದು ಸಂಬಂಧವೇ ಅಲ್ವಾ? ಕಾರ್ಬೈಡ್ ಕಟ್ಟಡಕ್ಕೆ ಅದೂ ಇರಲಿಲ್ಲ.

ನ್ಯೂಯಾರ್ಕಿಗೆ ಹೋದರೆ ಅದೇ ಪಾರ್ಕ್ ಅವೆನ್ಯೂದಲ್ಲಿ 59ನೇ ರಸ್ತೆಯ ಮೂಲೆಗೆ ನಡೀರಿ. 500ನೇ ನಂಬರ್, ಹಳೇ ಪೆಪ್ಸಿ ಕಟ್ಟಡ, 11 ಮಹಡಿ ಅಷ್ಟೆ. ಅದೂ 1960ರದ್ದು, ಅದರಲ್ಲೂ ಡಿ ಬ್ಲೋಯಿ ಅವರ ಕೈ ಇದೆ, 1995ರಿಂದ ರಕ್ಷಿತ. ರಸ್ತೆಯ ಆಚೆ ಬದಿ ನಿಂತು ಗಾಜಿನ ಹಾಳೆ ಎಷ್ಟಗಲ, ನಡುವಿನ ಲೋಹದ ಪಟ್ಟಿ ಎಷ್ಟು ಸಣ್ಣ ಅಂತ ನೋಡಿ. ಎರಡು ನಿಮಿಷ ಸಾಕು.